ಬೋಲ್ಟಿನ ಮೇಲಿನ ಕೆಂಪು ಚುಕ್ಕೆ

ಮೂಡಲಪಾಳ್ಯದ ಬಸ್ ಸ್ಟಾಪಿನ ಎದುರು ಲೈಟು ಕಂಬಕ್ಕೆ ಕಟ್ಟಿದ್ದ ಆ ಫ್ಲೆಕ್ಸ್ ನೋಡಿದ ದಿನ ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಇಳಿಯುವುದೂ ಬೇಡ. ತೀರಿಕೊಂಡವರು ಅಕ್ಕ. ಆದರೆ ಫ್ಲೆಕ್ಸಿನ ಅರ್ಧ ಭಾಗದಲ್ಲಿ ಐದು ವರ್ಷದ ಹಿಂದೆ ಹೋದ ಅವರ ಯಜಮಾನರ ಫೋಟೊ. ಮೂಲೆಯಲ್ಲಿ ಸಣ್ಣದಾಗಿ ಅಕ್ಕ, ಯಾವುದೋ ಮದುವೆಯ ಗುಂಪು ಫೋಟೊದಿಂದ ಕತ್ತರಿಸಿದ ಮುಖ. ಕೆಳಗೆ ಬರೆದಿದ್ದು: 'ಹೆಸರಾಂತ ಕಾರ್ ಮೆಕ್ಯಾನಿಕ್ ದಿವಂಗತ ಇಂಥವರ ಧರ್ಮಪತ್ನಿ, ಆದರ್ಶ ಗೃಹಿಣಿ, ಎಲೆಮರೆಯ ಕಾಯಿಯಂತೆ ಬಾಳಿದ ಮಹಾತಾಯಿ.' ಅದರ ಪಕ್ಕದಲ್ಲಿ ಕೈ ಮುಗಿದು ನಿಂತ ಅಕ್ಕನ ಮೈದುನ, ಸತ್ತವರಿಗಿಂತ ದೊಡ್ಡ ಸೈಜಿನಲ್ಲಿ. ಎಲೆಮರೆಯ ಕಾಯಿಯಂತೆ! ಮರೆ ಮಾಡಿದ ಎಲೆ ಯಾವುದು ಅಂತ ಈ ಊರಲ್ಲಿ ಒಬ್ಬರಾದರೂ ಕೇಳಬೇಡವೇ? ಹಿಂದೆ ಬಸ್ಸಿನವನು ಹಾರನ್ ಹೊಡೆದು ಬೈಯುತ್ತಿದ್ದರೂ ನಾನು ಕಾರು ನಿಲ್ಲಿಸಿ ಅದನ್ನು ಎರಡು ಸಲ ಓದಿದೆ.

ಅಕ್ಕನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ, 'ಓ, ಅವರ ಹೆಂಡತಿಯಾ' ಎಂದು ಮತ್ತೆ ಗಂಡನ ಹೆಸರಿಗೇ ಗಂಟು ಹಾಕುತ್ತಾರೆ. ಅವರ ಹತ್ತಿರ ಕಲಿಯಲು ಹೋಗುತ್ತಿದ್ದ ನಾವು ಹೆಂಗಸರೆಲ್ಲ ಅವರನ್ನು ಅಕ್ಕ ಎನ್ನುತ್ತಿದ್ದೆವು.

ನಾನು ಬೆಂಗಳೂರಿನಲ್ಲಿ, ಮೂಡಲಪಾಳ್ಯದ ಪಕ್ಕದ ಚಂದ್ರಾ ಲೇಔಟಿನವಳು. ಹೇರೋಹಳ್ಳಿಯ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಎರಡು ಸಾವಿರದ ಇಸವಿಯ ಹೊಸದರಲ್ಲಿ ಆ ದಾರಿ ದಾರಿಯೇ ಅಲ್ಲ, ಗುಂಡಿಗಳ ನಡುವೆ ಅಲ್ಲಲ್ಲಿ ಉಳಿದುಕೊಂಡ ಟಾರು. ಎರಡು ಬಸ್ಸು ಬದಲಾಯಿಸಿ ಸಾಕಾಗಿ, ಹಟ ಹಿಡಿದು ಒಂದು ಸೆಕೆಂಡ್ ಹ್ಯಾಂಡ್ ಸಣ್ಣ ಕಾರು ತೆಗೆದುಕೊಂಡೆ. ಅದು ತಿಂಗಳಿಗೊಮ್ಮೆ ಕೈಕೊಡುತ್ತಿತ್ತು. ಆಗ ಎಲ್ಲರೂ ಹೇಳುತ್ತಿದ್ದುದು ಮೂಡಲಪಾಳ್ಯದ ಅಕ್ಕನ ಯಜಮಾನರ ಹೆಸರನ್ನೇ. ಮನೆಯ ಮುಂದಿನ ಜಾಗಕ್ಕೆ ಶೀಟು ಹೊದಿಸಿ ಮಾಡಿದ ಶೆಡ್ಡು, ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ, ಕುರ್ಚಿಯಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಕುಳಿತ ಯಜಮಾನರು. ಇಂಜಿನ್ ಆನ್ ಮಾಡಿಸಿ, ತಲೆ ಓರೆ ಮಾಡಿ ಸದ್ದು ಕೇಳಿಸಿಕೊಂಡು, "ಬಿಟ್ಟು ಹೋಗಿ ಮೇಡಂ, ಸಂಜೆ ಐದಕ್ಕೆ ಬನ್ನಿ" ಎನ್ನುತ್ತಿದ್ದರು. ಆಮೇಲೆ ಗೇಟು ಮುಚ್ಚುತ್ತಿತ್ತು. ಐದಕ್ಕೆ ಹೋದರೆ ಗಾಡಿ ರೆಡಿ.

ಕ್ಲಚ್ ಪ್ಲೇಟ್ ಬದಲಾಯಿಸಿದ ದಿನ ಗಾಡಿ ಎಷ್ಟು ಹಗುರಾಗಿತ್ತೆಂದರೆ, ನಾನು ಒಂದು ಸುತ್ತು ಓಡಿಸಿ ಬಂದು, "ಏನ್ ಕೈ ಸಾರ್ ನಿಮ್ದು!" ಎಂದೆ. ಯಜಮಾನರು ನಕ್ಕರು. ಅಕ್ಕ ಆಗ ನನಗೆ ಕಾಫಿ ತಂದು ನಿಂತಿದ್ದರು. ಲೋಟ ತೆಗೆದುಕೊಳ್ಳುವಾಗ ಅವರ ಉಗುರುಸಂದಿಯಲ್ಲಿ ಕಪ್ಪು ಗ್ರೀಸು ಕಂಡಿತು. ಕಂಡಿತು ಎನ್ನುತ್ತಿದ್ದೇನೆ, ಗಮನಿಸಿ. ಪಾತ್ರೆ ಉಜ್ಜಿದ ಮಸಿ ಇರಬೇಕು ಅಂದುಕೊಂಡೆ. ಲೆಕ್ಕದ ಟೀಚರ್ ಬೇರೆ ನಾನು, ನನ್ನ ಬುದ್ಧಿಗಿಷ್ಟು! ಅಕ್ಕ ಖಾಲಿ ಲೋಟ ತೆಗೆದುಕೊಂಡು ಒಳಗೆ ಹೋದರು.

ಒಂದು ಬೇಸಿಗೆಯಲ್ಲಿ ಯಜಮಾನರು ಹೋಗಿಬಿಟ್ಟರು. ಮಕ್ಕಳಿರಲಿಲ್ಲ. ತಿಥಿ ಮುಗಿಯುವ ಮೊದಲೇ ಗಿರಾಕಿಗಳು ಬಂದು ಶೆಡ್ಡಿನಲ್ಲಿದ್ದ ಗಾಡಿಗಳನ್ನು ಹಗ್ಗ ಕಟ್ಟಿ ಎಳೆದುಕೊಂಡು ಹೋದರು. "ಮೆಕ್ಯಾನಿಕ್ಕೇ ಇಲ್ದ ಮೇಲೆ ಇಟ್ಟು ಏನ್ಮಾಡೋದಮ್ಮ" ಎಂದು ಅಕ್ಕನಿಗೇ ಸಮಾಧಾನ ಹೇಳಿ ಹೋದರಂತೆ. ಅದರಲ್ಲೊಂದು ಗಾಡಿಗೆ ಇನ್ನು ಮೂರು ಬೋಲ್ಟ್ ಟೈಟ್ ಮಾಡುವುದಷ್ಟೇ ಬಾಕಿಯಿತ್ತಂತೆ. ನಾನೂ ಅವರಿಗಿಂತ ಮೇಲೇನಲ್ಲ, ವಿಜಯನಗರದ ಇನ್ನೊಂದು ಗ್ಯಾರೇಜಿಗೆ ಹೋದೆ. ಅಲ್ಲಿಯವನು ನಾನು ಹೇಳಿದ್ದನ್ನು ಅರ್ಧವೂ ಕೇಳದೆ, "ಯಜಮಾನ್ರನ್ನ ಕಳಿಸಿ ಮೇಡಂ, ಅವ್ರಿಗ್ ಹೇಳ್ತೀನಿ" ಎಂದ. ನನ್ನ ಯಜಮಾನರಿಗೆ ಸ್ಟೆಪ್ನಿ ಎಲ್ಲಿದೆ ಅಂತಲೂ ಗೊತ್ತಿಲ್ಲ. ಮೈಯೆಲ್ಲ ಉರಿದುಹೋಯಿತು, ಗಾಡಿ ತಿರುಗಿಸಿಕೊಂಡು ಬಂದೆ.

ಆ ವರ್ಷದ ಆಯುಧಪೂಜೆಗೆ, ಬೆಂಗಳೂರಿನಲ್ಲಿ ಎಲ್ಲರೂ ಮಾಡುವ ಹಾಗೆ, ನಾವೂ ಕಾರಿಗೆ ಪೈಪು ಹಿಡಿದು ತೊಳೆದೆವು. ಭಕ್ತಿ ಜಾಸ್ತಿಯಾಗಿ ಬಾನೆಟ್ ಎತ್ತಿ ಇಂಜಿನ್ನಿಗೂ ನೀರು ಹೊಡೆದೆವು. ಅರಿಸಿನ ಕುಂಕುಮ ಇಟ್ಟು, ಹಾರ ಹಾಕಿ, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಬೇಕೆಂದು ಕೀ ತಿರುಗಿಸಿದರೆ ಜಪ್ಪಯ್ಯ ಅಂದರೂ ಗಾಡಿ ಸ್ಟಾರ್ಟ್ ಆಗಲಿಲ್ಲ. ಮಾರನೆಯ ದಿನವೂ ಅಷ್ಟೆ. ಅಕ್ಕನ ಯಜಮಾನರ ಹತ್ತಿರ ಹಿಂದೆ ಕೆಲಸ ಕಲಿತವರು ಯಾರಾದರೂ ಇದ್ದಾರೆಯೇ ಎಂದು ಕೇಳಲು ನಾನು ಮೂಡಲಪಾಳ್ಯಕ್ಕೆ ನಡೆದುಕೊಂಡು ಹೋದೆ.

ಅಕ್ಕ ಗೇಟಿನಲ್ಲೇ ಕೇಳಿದರು. "ನೀರು ಹೊಡೆದ್ರಾ ಇಂಜಿನ್ನಿಗೆ?"

"ಹ್ಞೂ, ಸ್ವಲ್ಪ..."

"ಪ್ರತಿವರ್ಷ ಇದೇ ಗೋಳು. ನಡೀರಿ." ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಸ್ಕ್ರೂ ಡ್ರೈವರ್ ಮತ್ತು ಒಣಬಟ್ಟೆ ಹಿಡಿದು ನನ್ನ ಜೊತೆ ಹೊರಟೇಬಿಟ್ಟರು.

ನಮ್ಮ ಮನೆ ಮುಂದೆ ಬಾನೆಟ್ ಎತ್ತಿ, ತಾವು ಮುಟ್ಟಲಿಲ್ಲ. ಸ್ಕ್ರೂ ಡ್ರೈವರನ್ನು ನನ್ನ ಕೈಗಿಟ್ಟರು. "ಇದು ಡಿಸ್ಟ್ರಿಬ್ಯೂಟರ್. ಪ್ಲಗ್ಗುಗಳಿಗೆ ಕರೆಂಟ್ ಹಂಚೋದು ಇದೇ. ಈ ಮುಚ್ಚಳದ ಕ್ಲಿಪ್ಪು ನೀವೇ ಬಿಚ್ಚಿ." ಬಿಚ್ಚಿದೆ. ಒಳಗೆ ನೀರಿನ ಹನಿಗಳು. ಒರೆಸಿದೆ. ಮುಚ್ಚಳ ಹಾಕಿ ಕೀ ತಿರುಗಿಸಿದರೆ ಒಂದೇ ಸಲಕ್ಕೆ ಸ್ಟಾರ್ಟ್! ನಾಚಿಕೆಯಿಲ್ಲದೆ ಹೇಳುತ್ತೇನೆ, ಡಿಗ್ರಿ ತೆಗೆದುಕೊಂಡ ದಿನವೂ ನನಗೆ ಅಷ್ಟು ಖುಷಿಯಾಗಿರಲಿಲ್ಲ.

"ಅಕ್ಕಾ, ನಿಮಗೆ ಇದೆಲ್ಲ ಹೇಗೆ ಗೊತ್ತು?" ಎಂದೆ.

"ನಿಮ್ ಗಾಡಿಗೆ ಕ್ಲಚ್ ಹಾಕಿದ್ದು ಯಾರು ಅಂದ್ಕೊಂಡ್ರಿ?"

"ನಿಮ್ಮ ಯಜಮಾನ್ರು..."

"ಅವ್ರಿಗೆ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದು ಆರು ವರ್ಷ ಆಗಿತ್ತು ಮೇಡಂ. ನನ್ ಮುಖಾನೇ ಕಾಣ್ತಿರ್ಲಿಲ್ಲ." ಇಂಜಿನ್ನಿನ ಒಳಗೆ ಬೆರಳು ತೋರಿಸಿದರು. ಬೋಲ್ಟುಗಳ ತಲೆಯಿಂದ ಕೆಳಗಿನ ಲೋಹಕ್ಕೆ ಎಳೆದ ಹಾಗೆ ಒಂದೊಂದು ಕೆಂಪು ಚುಕ್ಕೆ. "ಉಗುರುಬಣ್ಣ. ಟೈಟ್ ಮಾಡಿದ ಮೇಲೆ ಇಡ್ತೀನಿ. ಚುಕ್ಕೆ ಇಲ್ಲ ಅಂದ್ರೆ ಆ ಬೋಲ್ಟು ಇನ್ನೂ ಬಾಕಿ. ಚುಕ್ಕೆ ಮುರಿದಿದೆ ಅಂದ್ರೆ ಬೋಲ್ಟು ಸಡಿಲ ಆಗಿದೆ. ಮದುವೇಲಿ ಯಾರೋ ಉಡುಗೊರೆ ಕೊಟ್ಟಿದ್ರು, ಹಚ್ಕೊಳ್ಳೋಕೆ ಪುರುಸೊತ್ತೆಲ್ಲಿತ್ತು? ಇದಕ್ಕೆ ಬಂತು. ಅದು ಖಾಲಿ ಆದ ಮೇಲೆ ಅದೇ ಬಣ್ಣದ್ದು ತರಿಸ್ತಾ ಬಂದೆ."

ಮದುವೆಯಾದ ಹೊಸದರಲ್ಲಿ ಗಂಡನಿಗೆ ಸ್ಪ್ಯಾನರ್ ಎತ್ತಿಕೊಡುತ್ತಾ ಶುರುವಾಗಿದ್ದಂತೆ. ಅವರ ಕಣ್ಣು ಮಂಜಾದಾಗ ಅವರು ಬಾಯಲ್ಲಿ ಹೇಳುವುದು, ಇವರು ಕೈಯಲ್ಲಿ ಮಾಡುವುದು. ಒಂದು ವರ್ಷವಾದ ಮೇಲೆ ಅವರು ಹೇಳುವ ಅಗತ್ಯವೂ ಬೀಳಲಿಲ್ಲ. ಗೇಟು ಮುಚ್ಚುತ್ತಿದ್ದುದು ಅದಕ್ಕೇ. ಗಂಡ ಒಳ್ಳೆಯ ಮನುಷ್ಯ, ಹೊಡೆದವರಲ್ಲ, ಬೈದವರಲ್ಲ. ನನಗೆ ಹೆಚ್ಚು ಸಿಟ್ಟು ಬರುವುದೇ ಅದಕ್ಕೆ. ಅಷ್ಟು ಒಳ್ಳೆಯವರು, ಆರು ವರ್ಷ ಬೇರೆಯವರ ಹೊಗಳಿಕೆಗೆಲ್ಲ ಕುರ್ಚಿಯಲ್ಲಿ ಕುಳಿತು ನಕ್ಕರಲ್ಲ!

"ಯಾಕಕ್ಕ ಹೇಳ್ಲಿಲ್ಲ ನೀವು?" ಎಂದು ನಾನು ಒಂದು ಸಲ ಜಗಳಕ್ಕೇ ಬಿದ್ದೆ.

"ಹೇಳಿದ್ರೆ ಗಾಡಿ ಯಾರು ತರ್ತಿದ್ರು? ನೀವು ತರ್ತಿದ್ರಾ?" ಎಂದರು. ಆಮೇಲೆ ಸ್ಪ್ಯಾನರ್ ಒರೆಸುತ್ತಾ ಅವರೇ ಹೇಳಿದರು. "ಊರಿಗೆಲ್ಲ ಹೇಳೋದು ಬೇಡ. ಯಾರಾದ್ರೂ ಒಬ್ರ ಮುಂದೆ, ಒಂದೇ ಒಂದ್ಸಲ, 'ಇದು ಇವಳ ಕೈ ಕಣ್ರಿ' ಅಂತ ಅವ್ರ ಬಾಯಲ್ಲಿ ಬಂದಿದ್ರೆ ಸಾಕಾಗಿತ್ತು ಟೀಚರ್. ನಾನು ಕಾಯ್ತಾನೇ ಇದ್ದೆ. ಕೊನೇ ದಿನ ಆಸ್ಪತ್ರೇಲೂ ಕಾದೆ." ಇಷ್ಟು ಹೇಳಿ ಕೈ ತೊಳೆಯಲು ಎದ್ದುಹೋದರು.

ಗಾಡಿ ತರುವವರು ಇಲ್ಲವಾದ ಮೇಲೆ ಅಕ್ಕ ಗಾಡಿ ರಿಪೇರಿ ಹೇಳಿಕೊಡಲು ಶುರು ಮಾಡಿದರು. ಭಾನುವಾರ ಬೆಳಿಗ್ಗೆ, ಹೆಂಗಸರಿಗೆ ಮಾತ್ರ. ನಾನು ಮೊದಲನೆಯವಳು. ಆಮೇಲೆ ಒಬ್ಬೊಬ್ಬರಾಗಿ ಆರೇಳು ಜನ ಆದೆವು. ಎಲ್ಲರಿಗಿಂತ ಚುರುಕು, ಬಾಗಲಕೋಟೆ ಕಡೆಯಿಂದ ಬಂದು ನಾಗರಭಾವಿಯಲ್ಲಿ ಸ್ಕೂಲ್ ವ್ಯಾನ್ ಓಡಿಸುತ್ತಿದ್ದ ಒಬ್ಬ ಹುಡುಗಿ. ವ್ಯಾನು ಕೆಟ್ಟಾಗಲೆಲ್ಲ ಮಾಲೀಕ 'ಹುಡುಗಿ ಕೈಗೆ ಕೊಟ್ರೆ ಹಿಂಗೇ' ಎನ್ನುತ್ತಿದ್ದನಂತೆ. ಅವಳಿಗೆ ಕಲಿಯುವುದು ಹವ್ಯಾಸವಲ್ಲ, ಕೆಲಸ ಉಳಿಸಿಕೊಳ್ಳುವ ದಾರಿ. ಹೊಸಬರನ್ನು ಅಕ್ಕ ಸೇರಿಸಿಕೊಳ್ಳುತ್ತಿದ್ದುದು ಮಾತ್ರ ವಿಜಯದಶಮಿಯ ದಿನವೇ. ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸುವ ದಿನ ಎಂಬುದು ಒಂದು ಕಾರಣ. ಬೀದಿ ತುಂಬ ನೀರು ಕುಡಿದು ನಿಂತ ಗಾಡಿಗಳು ಸಿಗುತ್ತವೆ ಎಂಬುದು ಇನ್ನೊಂದು.

ಆ ದಿನದ ಮೊದಲ ಪಾಠ, ಸ್ಪ್ಯಾನರುಗಳ ಮೇಲಿನ ಕುಂಕುಮ ಒರೆಸುವುದು. ಇದಕ್ಕೂ ಒಂದು ಕತೆ ಇದೆ. ಸೈಟು ಮಾರಿಸುವ ದಲ್ಲಾಳಿ ಕೆಲಸದ ಮೈದುನ, ಅಣ್ಣ ಹೋದ ಮರುವರ್ಷದಿಂದ, ಪ್ರತಿ ಆಯುಧಪೂಜೆಗೆ ಬರುತ್ತಿದ್ದ. "ಗಂಡ ಸತ್ತೋರು ಆಯುಧಕ್ಕೆ ಕುಂಕುಮ ಇಡಬಾರ್ದು ಅತ್ತಿಗೆ" ಎಂದು ಅಕ್ಕನನ್ನು ಅಡಿಗೆಮನೆಗೆ ಕಳಿಸಿ, ಯಾವ ಸ್ಪ್ಯಾನರು ಯಾವ ಬೋಲ್ಟಿಗೆ ಎಂದು ತಿಳಿಯದ ತಾನು ಎಲ್ಲಕ್ಕೂ ಕುಂಕುಮ ಮೆತ್ತಿ, ಮಂಗಳಾರತಿ ಎತ್ತಿ, ಪುರಿ-ಕಡ್ಲೆಯ ಚರ್ಪು ಕಟ್ಟಿಸಿಕೊಂಡು ಹೋಗುತ್ತಿದ್ದ. ವರ್ಷವಿಡೀ ಅವುಗಳನ್ನು ಹಿಡಿದು ಕೈ ಬೊಬ್ಬೆ ಬರಿಸಿಕೊಂಡವರು ಚಿತ್ರಾನ್ನಕ್ಕೆ ಒಗ್ಗರಣೆ ಹಾಕಬೇಕು! ಮಾರನೆಯ ದಿನ ಅಕ್ಕ ಒಂದು ಡಬ್ಬಿಯಲ್ಲಿ ಸೀಮೆಎಣ್ಣೆ ಇಟ್ಟು, ನಮ್ಮನ್ನೆಲ್ಲ ಸುತ್ತ ಕೂರಿಸಿ, ಒಂದೊಂದನ್ನೇ ತೊಳೆಸುತ್ತಿದ್ದರು. "ದೇವರ ಮೇಲೆ ಸಿಟ್ಟಿಲ್ಲ ಕಣ್ರೇ. ಜಾರುತ್ತೆ, ಅದಕ್ಕೆ" ಎನ್ನುತ್ತಿದ್ದರು. ಆದರೆ ಉಜ್ಜುವ ರಭಸ ನೋಡಿದರೆ ಸಿಟ್ಟು ಯಾರ ಮೇಲೆ ಅಂತ ಗೊತ್ತಾಗುತ್ತಿತ್ತು.

ಅವರು ಉದ್ದನೆಯ ಸ್ಕ್ರೂ ಡ್ರೈವರಿನ ತುದಿಯನ್ನು ಇಂಜಿನ್ನಿಗೆ ಊರಿ, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ಸದ್ದು ಕೇಳುತ್ತಿದ್ದರು. ಆಗ ಯಾರಾದರೂ ಮಾತಾಡಿದರೆ ಮುಗೀತು. 'ನಮ್ಮ ಕೈಲಿ ಆಗುತ್ತಾ ಅಕ್ಕ' ಅಂದರಂತೂ ಬಾನೆಟ್ ಮುಚ್ಚಿ, "ಆಗುತ್ತೆ ಅಂತ ಅನ್ನಿಸಿದ ದಿನ ಬನ್ನಿ" ಎಂದು ಮನೆಗೆ ಕಳಿಸುತ್ತಿದ್ದರು. ನಾನು ಒಮ್ಮೆ ಜಾಣತನ ತೋರಿಸಲು, ರೇಡಿಯೇಟರ್ ಅಂದರೆ ಕುಕ್ಕರ್ ಇದ್ದ ಹಾಗೆ ಎಂದೆ. ಕೆಂಡದಂಥ ನೋಟ. "ಮನೆ ಕೆಲಸ ಬಿಟ್ಟು ಇಲ್ಲಿಗೆ ಬಂದಿದ್ದೀರ, ಇಲ್ಲೂ ಕುಕ್ಕರೇನಾ? ಅದಕ್ಕೊಂದು ಹೆಸರಿದೆ. ಅದನ್ನೇ ಹೇಳಿ."

ಒಂದು ಪತ್ರಿಕೆಯವರು ಬಂದು ಫೋಟೊ ತೆಗೆದುಕೊಂಡು ಹೋಗಿ, 'ಸೌಟು ಹಿಡಿವ ಕೈಯಲ್ಲಿ ಸ್ಪ್ಯಾನರ್' ಎಂದು ಹಾಕಿದರು. ಅಕ್ಕ ಆ ವರದಿಗಾರನಿಗೆ ನನ್ನ ಮೊಬೈಲಿನಿಂದಲೇ ಫೋನು ಮಾಡಿದರು. "ಅಲ್ಲಪ್ಪಾ, ಗಂಡಸು ಮೆಕ್ಯಾನಿಕ್ ಬಗ್ಗೆ ಬರೆಯೋವಾಗ ಬೀಡಿ ಹಿಡಿಯೋ ಕೈಯಲ್ಲಿ ಸ್ಪ್ಯಾನರ್ ಅಂತ ಬರೀತೀಯಾ?"

ನಮ್ಮಲ್ಲೊಬ್ಬರ ಗಂಡ, ಹೆಂಡತಿ ಸಂಪಾದಿಸಿ ತೆಗೆದುಕೊಂಡ ಕಾರನ್ನು ಬೆಳಿಗ್ಗೆ ಹೇಳದೆ ಕೇಳದೆ ತಾನು ತೆಗೆದುಕೊಂಡು ಹೋಗುತ್ತಿದ್ದ. ಆಕೆ ಬಸ್ಸಿಗೆ ಕಾಯಬೇಕು. ಅಕ್ಕ ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆಸಿ, ಒಳಗಿನ ಹೆಬ್ಬೆರಳು ಗಾತ್ರದ ರೋಟರನ್ನು ಎಳೆದು ಆಕೆಯ ಅಂಗೈಗೆ ಹಾಕಿದರು. "ಇದನ್ನ ಪರ್ಸಲ್ಲಿ ಇಟ್ಕೊಂಡು ಮಲಗು. ಇದಿಲ್ದೆ ಗಾಡಿ ಕಳ್ಳನಿಗೂ ಸ್ಟಾರ್ಟ್ ಆಗಲ್ಲ, ಗಂಡನಿಗೂ ಆಗಲ್ಲ." ನಕ್ಕು ನಕ್ಕು ನಮಗೆ ಕಣ್ಣಲ್ಲಿ ನೀರು ಬಂತು. ಅಕ್ಕ ನಗಲಿಲ್ಲ. ಪುನಃ ಹಾಕುವುದು ಹೇಗೆಂದು ಎರಡು ಸಲ ಮಾಡಿಸಿದರು.

ಐದನೆಯ ವರ್ಷದ ಶ್ರಾವಣದಲ್ಲಿ ಜ್ವರ ಬಂತು. ನಾಲ್ಕೇ ದಿನ. ಆಸ್ಪತ್ರೆಯಲ್ಲಿ ವ್ಯಾನ್ ಹುಡುಗಿಯ ಕೈ ಹಿಡಿದು, ನಾನು ಪಕ್ಕದಲ್ಲಿದ್ದಾಗಲೇ, "ಸ್ಪ್ಯಾನರ್ ಪೆಟ್ಟಿಗೆ ನಿಂದು. ಉಗುರುಬಣ್ಣದ ಬಾಟಲಿನೂ ಅದ್ರಲ್ಲೇ ಇದೆ" ಎಂದರು. ಮಾರನೆಯ ದಿನ ಅಕ್ಕ ಇರಲಿಲ್ಲ.

ಮೈದುನ ಶೆಡ್ಡಿಗೆ ಬೀಗ ಹಾಕಿದ. ನಾವು ಪೆಟ್ಟಿಗೆ ಕೇಳಲು ಮೂರು ಸಲ ಹೋದೆವು. "ಲೇಡೀಸ್ ಕ್ಲಾಸೆಲ್ಲ ಮುಗೀತು ಮೇಡಂ. ಹಬ್ಬ ಕಳೀಲಿ, ಗುಜರಿಯವನಿಗೆ ಹೇಳಿದೀನಿ. ಅಂಗಡಿ ಬರುತ್ತೆ ಇಲ್ಲಿ" ಎಂದ. ಅದು ಅಕ್ಕ ಹುಡುಗಿಗೆ ಕೊಟ್ಟದ್ದು ಎಂದರೆ, "ಅಣ್ಣನ ಸಾಮಾನು, ಅತ್ತಿಗೆ ಯಾರು ಕೊಡೋಕೆ?" ಎಂದ. ಅದೇ ವಾರ ಆ ಫ್ಲೆಕ್ಸ್ ಎದ್ದಿತು.

ಹಬ್ಬ ಕಳೆಯಲಿ ಎಂದನಲ್ಲ. ಅಣ್ಣ ತೀರಿಕೊಂಡಾಗ ಈತ ವರ್ಷವಿಡೀ ಮನೆಯಲ್ಲಿ ಹಬ್ಬ ಮಾಡಿರಲಿಲ್ಲ. ಅತ್ತಿಗೆ ಹೋಗಿ ಎರಡು ತಿಂಗಳಾಗಿತ್ತಷ್ಟೆ, ಆಯುಧಪೂಜೆ ಭರ್ಜರಿಯಾಗಿಯೇ ಆಯಿತು. ಮಾರನೆಯ ದಿನ ವಿಜಯದಶಮಿ. ನಾನೂ ವ್ಯಾನ್ ಹುಡುಗಿಯೂ ಮನೆಯಲ್ಲಿ ಕೂರಲಾಗದೆ, ಇನ್ನೊಂದು ಸಲ ಕೇಳೋಣವೆಂದು ಅಲ್ಲಿಗೆ ಹೋದೆವು. ಗೇಟಿನ ಮುಂದೆ ಒಡೆದ ಬೂದುಗುಂಬಳ. ಅಣ್ಣನ ಹಳೆಯ ಬಿಳಿ ಕಾರು, ಬಂಪರಿಗೆ ಬಾಳೆಕಂದು. ಮೈದುನ ಒಳಗೆ ಕುಳಿತು ಕೀ ತಿರುಗಿಸುತ್ತಿದ್ದಾನೆ, ತಿರುಗಿಸುತ್ತಿದ್ದಾನೆ. ಗಾಡಿ ಕೆಮ್ಮಿ ಸುಮ್ಮನಾಗುತ್ತಿದೆ.

ಹುಡುಗಿ ಬಗ್ಗಿ ನೋಡಿದಳು. "ಪೈಪ್ ಹಚ್ಚಿ ನೀರ ಹೊಡದಾರ್ರಿ ಟೀಚರ್. ಇನ್ನೂ ಸೋರಾಕತ್ತೈತಿ ನೋಡ್ರಿ."

"ಮೇಡಂ, ಯಾರಾದ್ರೂ ಮೆಕ್ಯಾನಿಕ್ ಗೊತ್ತಾ ನಿಮಗೆ? ಅರ್ಜೆಂಟಾಗಿ ಸೈಟ್ ತೋರ್ಸೋಕೆ ಹೋಗ್ಬೇಕು" ಎಂದ. ಇಬ್ಬರು ಎದುರಿಗೇ ನಿಂತಿದ್ದೇವೆ. ಯಾರಾದ್ರೂ ಮೆಕ್ಯಾನಿಕ್ ಗೊತ್ತಾ!

"ಬಾನೆಟ್ ತೆಗೀರಿ" ಎಂದೆ. ಡಿಸ್ಟ್ರಿಬ್ಯೂಟರಿನ ಕ್ಲಿಪ್ಪು ಬಿಚ್ಚಿ, ಹುಡುಗಿ ಕೊಟ್ಟ ಕರ್ಚೀಫಿನಿಂದ ಒರೆಸಿ, ಮುಚ್ಚಳ ಹಾಕಿದೆ. ಗಾಡಿ ಸ್ಟಾರ್ಟ್ ಆಯಿತು. ಮೈದುನನ ಮುಖ ಊರಗಲವಾಯಿತು. ಸ್ಟಿಯರಿಂಗಿಗೆ ಕೈಮುಗಿದು ಹೇಳಿದ. "ನೋಡಿ ಮೇಡಂ, ಇಂಜಿನ್ ಸೌಂಡ್ ಹೆಂಗಿದೆ! ನಮ್ಮಣ್ಣ ಹೋಗಿ ಐದು ವರ್ಷ ಆಯ್ತು, ಇನ್ನೂ ಅವನ ಕೈಗುಣ ಹಂಗೇ ನಿಂತಿದೆ."

ಆ ಕ್ಷಣದಲ್ಲಿ ನನಗೆ ಆಸ್ಪತ್ರೆ, ಫ್ಲೆಕ್ಸು, ಕಾಫಿ ಲೋಟ ಎಲ್ಲ ಒಟ್ಟಿಗೆ ನೆನಪಾದವು. "ಒಂದ್ನಿಮಿಷ ಆಫ್ ಮಾಡಿ, ಮುಚ್ಚಳ ಸರಿಯಾಗಿ ಕೂತಿಲ್ಲ" ಎಂದೆ. ಆಫ್ ಮಾಡಿದ. ಮುಚ್ಚಳ ತೆಗೆದು, ರೋಟರ್ ಎಳೆದು, ಬ್ಯಾಗಿಗೆ ಹಾಕಿ ಜಿಪ್ ಎಳೆದೆ.

"ಏನ್ ಮೇಡಂ ಅದು?"

"ಇದಿಲ್ದೆ ಗಾಡಿ ಕದಲಲ್ಲ. ಶೆಡ್ ಬೀಗ ತೆಗೀರಿ. ಪೆಟ್ಟಿಗೆ ಕೊಡಿ, ಇದನ್ನ ವಾಪಸ್ ಹಾಕ್ತೀನಿ."

ಕೂಗಾಡಿದ. ಅಕ್ಕಪಕ್ಕದವರು ಬಂದರು. ನಾನು ಕದಲಲಿಲ್ಲ. ನಲವತ್ತು ಮಕ್ಕಳ ಗಲಾಟೆಯಲ್ಲಿ ಪಾಠ ಮಾಡಿದವಳು ನಾನು, ಒಬ್ಬ ಗಂಡಸಿನ ಗಂಟಲಿಗೆ ಹೆದರುತ್ತೇನೆಯೇ? ಕೊನೆಗೆ ಗೊಣಗುತ್ತಾ ಬೀಗ ತೆಗೆದ. ಹುಡುಗಿ ಪೆಟ್ಟಿಗೆಯನ್ನು ಎರಡು ಕೈಯಲ್ಲಿ ಎತ್ತಿಕೊಂಡು ಬಂದಳು. ಕುಂಕುಮ ಹಾಗೇ ಮೆತ್ತಿತ್ತು. ರೋಟರ್ ಹಾಕುವ ಮೊದಲು ನಾನು ಸೇರಿದ್ದವರೆಲ್ಲರ ಎದುರು ಅವನನ್ನು ಇಂಜಿನ್ನಿನ ಹತ್ತಿರ ಕರೆದು ಬೋಲ್ಟುಗಳನ್ನು ತೋರಿಸಿದೆ. "ಈ ಕೆಂಪು ಚುಕ್ಕೆ ಏನು ಗೊತ್ತಾ? ಉಗುರುಬಣ್ಣ. ಯಾಕೆ, ನಿಮ್ಮಣ್ಣ ಉಗುರುಬಣ್ಣ ಹಚ್ಕೊಳ್ತಿದ್ರಾ?"

ಯಾರೋ ಕಿಸಕ್ಕೆಂದು ನಕ್ಕರು. ಮೈದುನ ನಗಲಿಲ್ಲ, ಆಶ್ಚರ್ಯವನ್ನೂ ಪಡಲಿಲ್ಲ. ದನಿ ತಗ್ಗಿಸಿ ಹೇಳಿದ. "ಅತ್ತಿಗೇನೇ ಮಾಡ್ತಿದ್ರು, ಗೊತ್ತು ನಂಗೆ. ಅಣ್ಣನಿಗೆ ಕಣ್ಣೆಲ್ಲಿ ಕಾಣ್ತಿತ್ತು? ಅಂಥದ್ದೆಲ್ಲ ಹೇಳ್ಕೊಂಡು ತಿರುಗಕ್ಕಾಗುತ್ತಾ ಮೇಡಂ, ಮನೆ ಮರ್ಯಾದೆ."

ಗೊತ್ತಿತ್ತಂತೆ. ಕುಂಕುಮ ಮೆತ್ತುವಾಗಲೂ ಗೊತ್ತಿತ್ತು, ಫ್ಲೆಕ್ಸಿಗೆ ಬರೆಸುವಾಗಲೂ ಗೊತ್ತಿತ್ತು. ಅಕ್ಕ ಜೀವಮಾನವೆಲ್ಲ ಕಾದ ಮಾತು ಈತನ ಬಾಯಲ್ಲಿ ಇಷ್ಟು ಸಲೀಸಾಗಿ ಇತ್ತು, ಅದನ್ನು ಕೇಳಬೇಕಾದವರು ಹೋಗಿ ಎರಡು ತಿಂಗಳಾದ ಮೇಲೆ ಉದುರಿತು. ರೋಟರ್ ಹಾಕಿಕೊಟ್ಟು ಬಂದೆ. ಅವಳ ರೂಮಿನ ಮೆಟ್ಟಿಲ ಮೇಲೆ ಕುಳಿತು ಇಬ್ಬರೂ ಸೀಮೆಎಣ್ಣೆಯಲ್ಲಿ ಒಂದೊಂದೇ ಸ್ಪ್ಯಾನರ್ ತೊಳೆದೆವು.

ಆ ಕಾಲದಲ್ಲಿ ಮೂಡಲಪಾಳ್ಯದ ಶೆಡ್ಡಿನಲ್ಲಿ ಕಾರು ರಿಪೇರಿ ಮಾಡಿಸಿಕೊಂಡವರು ಇದನ್ನು ಓದುತ್ತಿದ್ದರೆ, ಆ ಹಳೆಯ ಗಾಡಿ ಇನ್ನೂ ನಿಮ್ಮ ಹತ್ತಿರ ಇದ್ದರೆ, ಎದ್ದು ಹೋಗಿ ಬಾನೆಟ್ ಎತ್ತಿ. ಎಣ್ಣೆ ಧೂಳು ಒರೆಸಿ ನೋಡಿ. ಕೆಂಪು ಚುಕ್ಕೆ ಕಂಡರೆ, ಪಕ್ಕದಲ್ಲಿ ಯಾರಿದ್ದಾರೋ ಅವರಿಗೆ ಬಾಯಿಬಿಟ್ಟು ಹೇಳಿ, ಅದು ಯಾರ ಕೈ ಎಂದು. ನನಗೂ ಒಂದು ಅವಕಾಶ ಸಿಕ್ಕಿತ್ತು. ಅವರು ಗ್ರೀಸಿನ ಕೈಯಲ್ಲಿ ಕಾಫಿ ಹಿಡಿದು ನನ್ನ ಎದುರಿಗೇ ನಿಂತಿದ್ದರು. ನಾನು ಕುರ್ಚಿಯ ಕಡೆ ತಿರುಗಿ, ಏನ್ ಕೈ ಸಾರ್ ನಿಮ್ದು ಎಂದೆ.